ವೆನಿಸ್ ಮತ್ತು ಪ್ರೊಸೆಕ್ಕೊ ಬೆಟ್ಟಗಳು: ದಂಪತಿಗಳ ಪ್ರವಾಸವನ್ನು ಹಂತ ಹಂತವಾಗಿ ಹೊಂದಿಸುವ ಸಮಗ್ರ ಮಾರ್ಗದರ್ಶಿ

ವೆನಿಸ್‌ಗೆ ಹೋಗಿಬಂದ ದಂಪತಿಗಳಲ್ಲಿ ಹಲವರ ಅಸಮಾಧಾನ ಹೆಚ್ಚುಕಡಿಮೆ ಒಂದೇ ಬಗೆಯದು. ಕಾಲುವೆಗಳ ನಗರವನ್ನು ಜನಜಂಗುಳಿಯ ನಡುವೆ ಒಂದೇ ಹಗಲಿನಲ್ಲಿ ನೋಡಿ ಮುಗಿಸಿರುತ್ತಾರೆ; ಉತ್ತರಕ್ಕೆ ಒಂದು ಗಂಟೆಯ ರೈಲು ಪ್ರಯಾಣದಷ್ಟು ದೂರದಲ್ಲಿರುವ ದ್ರಾಕ್ಷಿ ಬೆಟ್ಟಗಳಿಗೆ ಹೋದಾಗ ವೈನರಿಗಳ ಬಾಗಿಲು ಮುಚ್ಚಿರುತ್ತದೆ, ಇಲ್ಲವೇ ಹಿಂದಿರುಗಲು ಬಸ್ಸು ಸಿಕ್ಕಿರುವುದಿಲ್ಲ. ಇದಕ್ಕೆ ಹಣದ ಕೊರತೆಯಾಗಲಿ ದಿನಗಳ ಕೊರತೆಯಾಗಲಿ ಕಾರಣವಲ್ಲ. ಮೊದಲು ವಿಮಾನದ ಟಿಕೆಟ್, ಆಮೇಲೆ ಹೋಟೆಲ್, ಕೊನೆಗೆ ಉಳಿದ ಅರ್ಧ ದಿನದಲ್ಲಿ ವೈನರಿ ಎಂಬ ಕ್ರಮವೇ ತಪ್ಪು. ಈ ಮಾರ್ಗದರ್ಶಿ ಅದನ್ನು ತಿರುಗಿಸುತ್ತದೆ: ವೈನರಿಯ ದಿನಗಳನ್ನು ಮೊದಲು ಗೊತ್ತುಮಾಡಿಕೊಂಡು, ಉಳಿದೆಲ್ಲವನ್ನೂ ಆ ದಿನಗಳಿಗೆ ಹೊಂದಿಸಬೇಕು.

ಇಲ್ಲಿ ಹೇಳಿರುವುದು ಐದು ರಾತ್ರಿಗಳ ಪ್ರವಾಸದ ಮಾತು. ಮೂರು ರಾತ್ರಿ ವೆನಿಸ್‌ನಲ್ಲಿ, ಎರಡು ರಾತ್ರಿ ಕೊನೆಲ್ಯಾನೊ ಮತ್ತು ವಾಲ್ದೊಬ್ಬಿಯಾದೆನೆ ಊರುಗಳ ನಡುವೆ, ಪ್ರೊಸೆಕ್ಕೊ ಎಂಬ ಗುಳ್ಳೆಯೇಳುವ ವೈನ್ ತಯಾರಾಗುವ ಬೆಟ್ಟಗಳಲ್ಲಿ. ಇದಕ್ಕಿಂತ ಕಡಿಮೆ ದಿನಗಳಿದ್ದರೆ ಎರಡರಲ್ಲಿ ಒಂದನ್ನು ಬಿಡುವುದೇ ಒಳ್ಳೆಯದು.

ಕೈಯಲ್ಲಿ ಇರಬೇಕಾದವು

ಇಬ್ಬರಿಗೂ ಒಂದೊಂದು ಚಿಕ್ಕ ಟ್ರಾಲಿ ಸೂಟ್‌ಕೇಸ್ ಸಾಕು. ಮೆಟ್ಟಿಲು ಹತ್ತುವಾಗ ಒಂದು ಕೈಯಲ್ಲಿ ಎತ್ತಲಾಗದ ಸೂಟ್‌ಕೇಸ್ ವೆನಿಸ್‌ಗೆ ತಕ್ಕದ್ದಲ್ಲ. ಇದರ ಜೊತೆಗೆ ಹಿಡಿತವಿರುವ ಅಡಿಯ ಶೂ, ಭುಜ ಮುಚ್ಚುವ ಒಂದು ಶಾಲು, ನೀರಿನ ಬಾಟಲಿ, ಸ್ವಲ್ಪ ನಗದು ಯೂರೋ, ಎರಡು ಬೇರೆ ಬೇರೆ ಬ್ಯಾಂಕ್ ಕಾರ್ಡ್, ಇಂಟರ್ನೆಟ್ ಇಲ್ಲದಾಗಲೂ ತೆರೆಯುವಂತೆ ಫೋನಿನಲ್ಲಿ ಉಳಿಸಿಕೊಂಡ ನಕ್ಷೆ ಮತ್ತು ಟಿಕೆಟ್‌ಗಳು ಬೇಕು. ವೈನ್ ಬಾಟಲಿ ತರುವ ಉದ್ದೇಶವಿದ್ದರೆ ಗುಳ್ಳೆ ಪ್ಲಾಸ್ಟಿಕ್ ಹಾಳೆ ಮತ್ತು ಅಂಟುಪಟ್ಟಿಯನ್ನು ಇಲ್ಲಿಂದಲೇ ಒಯ್ಯಬೇಕು.

ಹಂತ 1: ತಿಂಗಳು ಮತ್ತು ವಾರವನ್ನು ಆರಿಸುವುದು

ಏಪ್ರಿಲ್ ಕೊನೆಯಿಂದ ಜೂನ್ ಆರಂಭದವರೆಗೆ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನವರೆಗೆ ಹೋಗುವುದು ಉತ್ತಮ. ನಮ್ಮ ಬೇಸಿಗೆ ರಜೆ ಮತ್ತು ದಸರಾ ರಜೆ ಎರಡೂ ಈ ಅವಧಿಗಳಿಗೆ ಹತ್ತಿರವಾಗಿರುವುದು ಅನುಕೂಲವೇ. ಆಗಸ್ಟ್ ಬೇಡ: ಸೆಕೆ ಹೆಚ್ಚು, ಆಗಸ್ಟ್ 15ರಂದು ಬರುವ ಇಟಲಿಯ ಹಬ್ಬದ ಆಸುಪಾಸಿನಲ್ಲಿ ಹಲವು ವೈನರಿಗಳು ರಜೆಯಲ್ಲಿರುತ್ತವೆ. ಸೆಪ್ಟೆಂಬರ್‌ನ ಕೊಯ್ಲಿನಲ್ಲಿ ತೋಟಗಳು ಕಣ್ಣಿಗೆ ಹಬ್ಬವಾಗಿರುತ್ತವೆ, ಆದರೆ ಸಣ್ಣ ಕುಟುಂಬಗಳ ವೈನರಿಗಳಲ್ಲಿ ಮನೆಮಂದಿಯೆಲ್ಲ ತೋಟದಲ್ಲಿರುವುದರಿಂದ ಅತಿಥಿಗಳಿಗೆ ಸಮಯ ಸಿಗುವುದು ಕಷ್ಟ. ಅಕ್ಟೋಬರ್‌ನಿಂದ ಜನವರಿವರೆಗೆ ವೆನಿಸ್‌ನಲ್ಲಿ ಉಬ್ಬರದ ನೀರು ನುಗ್ಗುವ ಕಾಲ. ಉಬ್ಬರ 110 ಸೆಂಟಿಮೀಟರ್ ಮೀರುವ ಮುನ್ಸೂಚನೆ ಇದ್ದಾಗ ಸಮುದ್ರದ ಬಾಯಿಯಲ್ಲಿರುವ ಮೊಸೆ ತಡೆಗೋಡೆಗಳನ್ನು ಎತ್ತುತ್ತಾರೆ. 2020ರ ಅಕ್ಟೋಬರ್‌ನಿಂದ ಅವು ಕೆಲಸ ಮಾಡುತ್ತಿವೆ. ಅದಕ್ಕಿಂತ ಕೆಳಗಿನ ಉಬ್ಬರದಲ್ಲಿ ತೀರ ತಗ್ಗಿನಲ್ಲಿರುವ ಸಾನ್ ಮಾರ್ಕೊ ಚೌಕ ಒದ್ದೆಯಾಗಬಹುದು, ಹೆದರುವಂಥದ್ದೇನಲ್ಲ.

ತಿಂಗಳಿಗಿಂತ ವಾರದ ದಿನಗಳು ಮುಖ್ಯ. ಭಾನುವಾರ ವೆನಿಸ್ ತಲುಪಿ, ಭಾನುವಾರ, ಸೋಮವಾರ, ಮಂಗಳವಾರದ ರಾತ್ರಿಗಳನ್ನು ಅಲ್ಲಿ ಕಳೆದು, ಬುಧವಾರ ಬೆಳಿಗ್ಗೆ ಬೆಟ್ಟಗಳಿಗೆ ಹೋಗಿ, ಶುಕ್ರವಾರ ಹೊರಡುವುದು ನಾನು ಸೂಚಿಸುವ ಚೌಕಟ್ಟು. ವಾರಾಂತ್ಯದ ಜನಸಂದಣಿ ಇಳಿದ ಮೇಲೆ ನಗರ ಸಿಗುತ್ತದೆ, ವೈನರಿಗಳು ತೆರೆದಿರುವ ಕೆಲಸದ ದಿನಗಳಲ್ಲಿ ಬೆಟ್ಟ ಸಿಗುತ್ತದೆ. ಏಪ್ರಿಲ್ 25, ಮೇ 1 ಮತ್ತು ಜೂನ್ 2 ಇಟಲಿಯ ಸಾರ್ವಜನಿಕ ರಜೆಗಳು. ಈ ದಿನಗಳು ನಿಮ್ಮ ವಾರದೊಳಗೆ ಬಂದರೆ ವಾರವನ್ನೇ ಬದಲಿಸಿ.

ಹಂತ 2: ವೈನರಿಗಳಲ್ಲಿ ಸಮಯ ಗೊತ್ತುಮಾಡಿಕೊಳ್ಳುವುದು

ವಿಮಾನದ ಟಿಕೆಟ್ ಕೊಳ್ಳುವ ಮೊದಲೇ ಮಾಡಬೇಕಾದ ಕೆಲಸ ಇದು. ದೊಡ್ಡ ವೈನರಿಗಳಿಗೆ ಮಾರಾಟದ ಕೋಣೆ ಇರುತ್ತದೆ, ಆದರೆ ಮನಸ್ಸಿನಲ್ಲಿ ಉಳಿಯುವ ಭೇಟಿಗಳು ಸಣ್ಣ ಕುಟುಂಬಗಳ ಮನೆಗಳಲ್ಲೇ ಆಗುತ್ತವೆ, ಮತ್ತು ಅವರು ಮುಂಚಿತವಾಗಿ ತಿಳಿಸದೆ ಬಂದವರನ್ನು ಸಾಮಾನ್ಯವಾಗಿ ಒಳಕ್ಕೆ ಕರೆಯುವುದಿಲ್ಲ. ನಾಲ್ಕು ವೈನರಿಗಳಿಗೆ ಚುಟುಕಾದ ಇಮೇಲ್ ಬರೆಯಿರಿ. ದಿನ, ಗಂಟೆ, ಇಬ್ಬರು ಬರುವ ವಿಷಯ, ಯಾವ ಭಾಷೆಯಲ್ಲಿ ವಿವರಣೆ ಬೇಕು ಎಂಬುದರ ಜೊತೆಗೆ ಎರಡು ಸಂಗತಿಗಳನ್ನು ತಪ್ಪದೆ ಸೇರಿಸಿ: ಸಸ್ಯಾಹಾರಿಗಳಾಗಿದ್ದರೆ ಆ ವಿಷಯ, ಮತ್ತು ಇಬ್ಬರಲ್ಲಿ ಒಬ್ಬರು ಕುಡಿಯುವವರಲ್ಲದಿದ್ದರೆ ಆ ವಿಷಯ. ವೈನ್ ಜೊತೆ ಕೊಡುವ ತಟ್ಟೆಯಲ್ಲಿ ಸೊಪ್ರೆಸ್ಸ ಎಂಬ ಹಂದಿಮಾಂಸದ ಹೋಳುಗಳಿರುವುದು ಅಲ್ಲಿ ಸಹಜ. ಮೊದಲೇ ಹೇಳಿದರೆ ಚೀಸ್, ಬ್ರೆಡ್, ಉಪ್ಪಿನಲ್ಲಿ ಹಾಕಿದ ತರಕಾರಿ ಇಡುತ್ತಾರೆ. ನಮ್ಮ ದಂಪತಿಗಳಲ್ಲಿ ಒಬ್ಬರು ಮಾತ್ರ ವೈನ್ ಕುಡಿಯುವುದು ಸಾಮಾನ್ಯ. ಕುಡಿಯದವರಿಗೂ ತೋಟದಲ್ಲಿ ನಡೆದಾಡುವ, ನೆಲಮಾಳಿಗೆಯನ್ನು ನೋಡುವ ಭೇಟಿ ಬೇಕೆಂದು ಕೇಳಿದರೆ ಅದಕ್ಕೆ ತಕ್ಕ ಸಮಯ ಕೊಡುತ್ತಾರೆ. ಈ ಮಾತನ್ನು ಎತ್ತದೆ ಹೋದವರ ಸಂಗಾತಿ ಒಂದೂವರೆ ಗಂಟೆ ಸುಮ್ಮನೆ ಕುಳಿತಿರಬೇಕಾಗುತ್ತದೆ, ಆಗ ಇಬ್ಬರ ಪ್ರವಾಸವೂ ಕೆಡುತ್ತದೆ.

ದಿನಕ್ಕೆ ಎರಡು ಭೇಟಿ ಸಾಕು: ಬೆಳಿಗ್ಗೆ ಹತ್ತೂವರೆಗೆ ಒಂದು, ಮಧ್ಯಾಹ್ನ ಮೂರರ ನಂತರ ಇನ್ನೊಂದು. ಹನ್ನೆರಡೂವರೆಯಿಂದ ಮೂರರವರೆಗೆ ಊಟದ ವಿರಾಮವಿರುವುದರಿಂದ ಆ ಹೊತ್ತಿಗೆ ಭೇಟಿ ಕೇಳಬೇಡಿ. ಒಂದು ವಾರ ಕಳೆದರೂ ಉತ್ತರ ಬಾರದಿದ್ದರೆ ಅಥವಾ ಗಂಟೆ ಹೇಳದೆ ‘ಬನ್ನಿ’ ಎಂದಷ್ಟೇ ಬರೆದಿದ್ದರೆ ಅದನ್ನು ಒಪ್ಪಿಗೆ ಎಂದು ಎಣಿಸಬಾರದು.

ಹಂತ 3: ರಾತ್ರಿಗಳನ್ನು ಹಂಚುವುದು ಮತ್ತು ಕೋಣೆ ಕಾದಿರಿಸುವುದು

ವೆನಿಸ್ ಮೊದಲು, ಬೆಟ್ಟ ಆಮೇಲೆ. ಬೆಟ್ಟದಲ್ಲಿ ಕೊಂಡ ಬಾಟಲಿಗಳು ನೇರವಾಗಿ ವಿಮಾನ ನಿಲ್ದಾಣಕ್ಕೆ ಹೋಗಬೇಕೇ ಹೊರತು ವೆನಿಸ್‌ನ ಮೆಟ್ಟಿಲು ಸೇತುವೆಗಳನ್ನು ಹತ್ತಿ ಇಳಿಯಬಾರದು.

ವೆನಿಸ್‌ನಲ್ಲಿ ಕೋಣೆ ಆರಿಸುವಾಗ ನೋಡಬೇಕಾದದ್ದು ನಕ್ಷತ್ರಗಳನ್ನಲ್ಲ, ವಾಪೊರೆತ್ತೊ ಎಂಬ ಸಾರ್ವಜನಿಕ ದೋಣಿಯ ನಿಲ್ದಾಣದಿಂದ ಬಾಗಿಲಿನವರೆಗೆ ಎಷ್ಟು ಸೇತುವೆಗಳಿವೆ ಎಂಬುದನ್ನು. ನಗರದಲ್ಲಿ ನಾನ್ನೂರಕ್ಕೂ ಹೆಚ್ಚು ಸೇತುವೆಗಳಿದ್ದು ಹೆಚ್ಚಿನವಕ್ಕೆ ಮೆಟ್ಟಿಲುಗಳಿವೆ. ಹೋಟೆಲಿನವರಿಗೇ ಬರೆದು ಕೇಳಿ. ಒಂದೂ ಇಲ್ಲ ಅಥವಾ ಒಂದು ಎಂದರೆ ಒಳ್ಳೆಯದು, ಮೂರು ಎಂದರೆ ಬೇರೆ ಕಡೆ ನೋಡಿ. ಲಿಫ್ಟ್ ಇದೆಯೇ ಎಂದೂ ಕೇಳಬೇಕು. ಕನ್ನಾರೆಜೊ ಮತ್ತು ದೊರ್ಸೊದೂರೊ ಭಾಗಗಳು ಸಂಜೆಯ ಹೊತ್ತಿಗೆ ಶಾಂತವಾಗಿದ್ದು ದಂಪತಿಗಳಿಗೆ ಹಿಡಿಸುತ್ತವೆ. ಮೆಸ್ತ್ರೆ ಅಗ್ಗವೆಂಬುದು ನಿಜ, ಆದರೆ ಅದು ಮುಖ್ಯಭೂಮಿಯ ಊರು. ಹಗಲಿನ ಪ್ರವಾಸಿಗರು ಹೊರಟುಹೋದ ಮೇಲಿನ ರಾತ್ರಿ ಮತ್ತು ಅವರು ಬರುವ ಮುಂಚಿನ ಬೆಳಗು, ಇವೆರಡಕ್ಕಾಗಿಯೇ ವೆನಿಸ್‌ನಲ್ಲಿ ತಂಗಬೇಕು. ಮೆಸ್ತ್ರೆಯಲ್ಲಿ ಮಲಗಿದರೆ ಎರಡೂ ತಪ್ಪುತ್ತವೆ.

ಬೆಟ್ಟದಲ್ಲಿ ವೈನರಿಗಳೇ ನಡೆಸುವ ತಂಗುಮನೆಗಳಿವೆ. ಅವನ್ನು ಅಗ್ರಿತುರಿಸ್ಮೊ ಎನ್ನುತ್ತಾರೆ. ಕಾರು ಇಲ್ಲದವರು ಕೊನೆಲ್ಯಾನೊ ರೈಲು ನಿಲ್ದಾಣದಿಂದ ಕರೆದೊಯ್ಯುವ ಏರ್ಪಾಡು ಇರುವ ಮನೆಯನ್ನು ಆರಿಸಿಕೊಳ್ಳಬೇಕು. ಅದಿಲ್ಲದಿದ್ದರೆ ಕೊನೆಲ್ಯಾನೊ ಊರಿನೊಳಗೇ ಉಳಿದು ಬಾಡಿಗೆ ಚಾಲಕರನ್ನು ಗೊತ್ತುಮಾಡಿಕೊಳ್ಳುವುದು ಲೇಸು.

ಹಂತ 4: ವಿಮಾನ ಮತ್ತು ವೀಸಾ

ಬೆಂಗಳೂರಿನಿಂದ ವೆನಿಸ್‌ಗೆ ದುಬೈ, ದೋಹಾ, ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ನಲ್ಲಿ ವಿಮಾನ ಬದಲಿಸಿ ಹೋಗಬಹುದು. ಟಿಕೆಟ್‌ನಲ್ಲಿ ಮಾರ್ಕೊ ಪೋಲೊ ವಿಮಾನ ನಿಲ್ದಾಣ ಎಂದಿರಬೇಕು. ಕೆಲವು ಅಗ್ಗದ ವಿಮಾನಗಳು ‘ವೆನಿಸ್’ ಎಂದು ಹೇಳಿ ಇಳಿಸುವುದು ತ್ರೆವೀಸೊದಲ್ಲಿ. ಯೂರೋಪಿನ ಗಡಿಗಳಲ್ಲಿ ಬೆರಳಚ್ಚು ಮತ್ತು ಮುಖದ ಚಿತ್ರ ದಾಖಲಿಸುವ ವ್ಯವಸ್ಥೆ 2025ರ ಅಕ್ಟೋಬರ್ 12ರಿಂದ ಆರಂಭವಾಗಿರುವುದರಿಂದ, ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್‌ನಲ್ಲಿ ಒಂದು ಗಂಟೆಯ ಬಿಡುವಿರುವ ಟಿಕೆಟ್ ಕೊಳ್ಳಬೇಡಿ.

ಇಟಲಿಯೂ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗನ್ ವೀಸಾದ ಶುಲ್ಕ ವಯಸ್ಕರಿಗೆ 90 ಯೂರೋ, ಅದರ ಮೇಲೆ ಅರ್ಜಿ ಕೇಂದ್ರದ ಸೇವಾಶುಲ್ಕ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಸಲ್ಲಿಸಬಹುದು. 15 ದಿನಗಳಿಗಿಂತ ತಡ ಮಾಡುವಂತಿಲ್ಲ. ವಿಮೆಯ ಮೊತ್ತ ಕನಿಷ್ಠ 30,000 ಯೂರೋ ಇರಬೇಕು, ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟದ್ದಾಗಿದ್ದು ಹಿಂದಿರುಗಿದ ಮೇಲೂ ಮೂರು ತಿಂಗಳು ಚಾಲ್ತಿಯಲ್ಲಿರಬೇಕು. ಪದೇ ಪದೇ ಆಗುವ ತಪ್ಪು ಎಂದರೆ, ಇಟಲಿಯ ಅರ್ಜಿ ಹಾಕಿ ಪ್ಯಾರಿಸ್ ಅಥವಾ ಸ್ವಿಟ್ಜರ್ಲೆಂಡ್‌ನಲ್ಲಿ ಹೆಚ್ಚು ರಾತ್ರಿಗಳನ್ನು ತೋರಿಸುವುದು. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಸಲ್ಲಬೇಕು. ಪತಿ ಪತ್ನಿಯರಲ್ಲಿ ಒಬ್ಬರ ಖರ್ಚನ್ನು ಇನ್ನೊಬ್ಬರು ಭರಿಸುವುದಾದರೆ ಅದನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆದು, ವಿವಾಹ ನೋಂದಣಿ ಪತ್ರವನ್ನು ಲಗತ್ತಿಸಿ.

ಹಂತ 5: ನಗರವನ್ನು ಪ್ರವೇಶಿಸುವುದು

ಮಾರ್ಕೊ ಪೋಲೊದಿಂದ ಎರಡು ದಾರಿಗಳಿವೆ. ಬಸ್ಸು ಹಿಡಿದರೆ ಪಿಯಾತ್ಸಾಲೆ ರೋಮಾದಲ್ಲಿ ಇಳಿಯಬೇಕು, ಚಕ್ರದ ವಾಹನಗಳು ಅಲ್ಲಿಗೇ ನಿಲ್ಲುತ್ತವೆ. ಅಲಿಲಗೂನ ಎಂಬ ದೋಣಿ ವಿಮಾನ ನಿಲ್ದಾಣದಿಂದಲೇ ಹೊರಟು ನಗರದ ಹಲವು ಕಡೆ ನಿಲ್ಲುತ್ತದೆ. ಬಸ್ಸಿಗಿಂತ ನಿಧಾನ, ದುಬಾರಿ, ಆದರೆ ನಿಮ್ಮ ಕೋಣೆ ಅದರ ನಿಲ್ದಾಣದ ಬಳಿ ಇದ್ದರೆ ಸೂಟ್‌ಕೇಸ್ ಎತ್ತುವ ಕಷ್ಟ ತಪ್ಪುತ್ತದೆ. ರೈಲಿನಲ್ಲಿ ಬರುವವರು ಮೆಸ್ತ್ರೆಯಲ್ಲಿ ಇಳಿದುಬಿಡುವುದು ಹಳೆಯ ತಪ್ಪು. ಇಳಿಯಬೇಕಾದದ್ದು ಅದರ ಮುಂದಿನ, ಕೊನೆಯ ನಿಲ್ದಾಣವಾದ ಸಾಂತಾ ಲುಚಿಯಾದಲ್ಲಿ.

ಏಪ್ರಿಲ್‌ನಿಂದ ಜುಲೈವರೆಗಿನ ಗೊತ್ತುಪಡಿಸಿದ ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರ ನಡುವೆ ಹಗಲಿನ ಭೇಟಿಗೆ ಬರುವವರು ಪ್ರವೇಶ ಶುಲ್ಕ ಕಟ್ಟಬೇಕು. 2024ರಲ್ಲಿ ಆರಂಭವಾದ ಈ ಶುಲ್ಕ ಮುಂಚಿತವಾಗಿ ಕಟ್ಟಿದರೆ 5 ಯೂರೋ, ತಡವಾಗಿ ಕಟ್ಟಿದರೆ 10 ಯೂರೋ. ನಗರಸಭೆಯ ವ್ಯಾಪ್ತಿಯಲ್ಲಿ ತಂಗುವವರಿಗೆ ವಿನಾಯಿತಿ ಇದೆ, ಆದರೆ ಅಧಿಕೃತ ಜಾಲತಾಣದಲ್ಲಿ ನೋಂದಾಯಿಸಿ ವಿನಾಯಿತಿಯ ಕ್ಯೂಆರ್ ಕೋಡ್ ಪಡೆದಿಟ್ಟುಕೊಳ್ಳಬೇಕು. ಬೆಟ್ಟದಲ್ಲಿ ಉಳಿದಿರುವಾಗ ಹಗಲಿನಲ್ಲಿ ಮತ್ತೆ ವೆನಿಸ್‌ಗೆ ಬಂದರೆ ಈ ವಿನಾಯಿತಿ ಇರುವುದಿಲ್ಲ. ಹೋಟೆಲಿನವರು ಪ್ರತಿ ರಾತ್ರಿಗೆ ತಲೆಗಿಷ್ಟು ಎಂದು ವಸೂಲು ಮಾಡುವ ಪ್ರವಾಸಿ ತೆರಿಗೆ ಇದರಿಂದ ಬೇರೆ.

ಹಂತ 6: ನಗರದಲ್ಲಿ ಓಡಾಡುವುದು

ವಾಪೊರೆತ್ತೊದ 75 ನಿಮಿಷಗಳ ಒಂದು ಟಿಕೆಟ್‌ಗೆ 9.50 ಯೂರೋ, 48 ಗಂಟೆಗಳ ಪಾಸ್‌ಗೆ 35, 72 ಗಂಟೆಗಳದ್ದಕ್ಕೆ 45. ದಿನಕ್ಕೆ ಮೂರು ಬಾರಿ ದೋಣಿ ಹತ್ತುವವರಿಗೆ ಪಾಸ್ ಲಾಭ. ಪಾಸಿನ ಗಂಟೆಗಳು ಎಣಿಕೆಗೆ ಬರುವುದು ಕೊಂಡ ಹೊತ್ತಿನಿಂದಲ್ಲ, ಮೊದಲ ಬಾರಿ ಯಂತ್ರಕ್ಕೆ ತೋರಿಸಿದ ಹೊತ್ತಿನಿಂದ. ತೇಲುವ ಕಟ್ಟೆಗೆ ಕಾಲಿಡುವ ಮುನ್ನ ಒಂದು ಕಂಬದ ಮೇಲೆ ಪುಟ್ಟ ಯಂತ್ರವಿರುತ್ತದೆ. ಪ್ರತಿ ಬಾರಿಯೂ ಟಿಕೆಟ್ಟನ್ನು ಅದಕ್ಕೆ ತಾಗಿಸಿ, ಹಸಿರು ದೀಪ ಹೊತ್ತಿತೆಂದು ಕಣ್ಣಾರೆ ನೋಡಿಯೇ ದೋಣಿ ಹತ್ತಬೇಕು. ಪಾಸ್ ಕೈಯಲ್ಲಿದ್ದರೂ ತಾಗಿಸದಿದ್ದರೆ ದಂಡ ಬೀಳಬಹುದು. 1ನೇ ಸಂಖ್ಯೆಯ ದೋಣಿ ಮಹಾಕಾಲುವೆಯ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತದೆ, 2ನೆಯದು ಬೇಗ ಸಾಗುತ್ತದೆ. ಬುರಾನೊ ದ್ವೀಪಕ್ಕೆ ಫೊಂದಮೆಂತೆ ನೋವೆ ನಿಲ್ದಾಣದಿಂದ 12ನೇ ಸಂಖ್ಯೆಯ ದೋಣಿ ಹಿಡಿಯಬೇಕು. ಮಹಾಕಾಲುವೆಯನ್ನು ನೋಡಲು 1ನೇ ದೋಣಿಯನ್ನು ಬೆಳಿಗ್ಗೆ ಏಳರೊಳಗೆ ಹತ್ತಿ. ಆ ಹೊತ್ತಿನಲ್ಲಿ ಮುಂಭಾಗದ ಆಸನಗಳು ಸಿಗುವ ಸಾಧ್ಯತೆ ಹೆಚ್ಚು, ತರಕಾರಿಯನ್ನೂ ಬಟ್ಟೆಯ ಗಂಟುಗಳನ್ನೂ ಹೊತ್ತ ಸರಕು ದೋಣಿಗಳು ಪಕ್ಕದಲ್ಲೇ ಹಾದುಹೋಗುತ್ತವೆ.

ಗೊಂಡೋಲಾದ ಅಧಿಕೃತ ದರ ಹಗಲಿನಲ್ಲಿ 30 ನಿಮಿಷಕ್ಕೆ 90 ಯೂರೋ, ಸಂಜೆ ಏಳರ ನಂತರ 110. ಇದು ದೋಣಿಗೆ ಹೇಳಿದ ದರ, ತಲೆಗೆ ಅಲ್ಲ. ಹತ್ತುವ ಮೊದಲೇ ದರ, ನಿಮಿಷ ಮತ್ತು ದಾರಿಯನ್ನು ಮಾತಾಡಿಕೊಳ್ಳಿ. ದರ ಹೇಳದೆ ‘ಮೊದಲು ಕುಳಿತುಕೊಳ್ಳಿ’ ಎನ್ನುವವರ ದೋಣಿ ಹತ್ತಬೇಡಿ. ಅಕ್ಟೋಬರ್ ಮೊದಲ ವಾರದಲ್ಲಿ ಸೂರ್ಯ ಏಳರೊಳಗೆ ಮುಳುಗುವುದರಿಂದ ಹಗಲಿನ ದರದಲ್ಲೇ ಸಂಜೆಯ ಬೆಳಕು ದೊರೆಯುತ್ತದೆ. ಮಹಾಕಾಲುವೆಯಲ್ಲಿ ಮೋಟಾರು ದೋಣಿಗಳ ಅಲೆ ಹೆಚ್ಚಾದ್ದರಿಂದ ಒಳಗಿನ ಸಣ್ಣ ಕಾಲುವೆಗಳ ದಾರಿಯನ್ನೇ ಕೇಳಿ. ಅಷ್ಟು ಖರ್ಚು ಬೇಡವೆನ್ನುವವರು ರಿಯಾಲ್ತೊ ಮಾರುಕಟ್ಟೆಯ ಬಳಿ ತ್ರಗೆತ್ತೊ ಎಂಬ ದಾಟುದೋಣಿಯಲ್ಲಿ 2 ಯೂರೋ ಕೊಟ್ಟು ಮಹಾಕಾಲುವೆಯನ್ನು ದಾಟಬಹುದು.

ನಡೆಯುವಾಗ ಫೋನಿನ ನಕ್ಷೆ ಇಕ್ಕಟ್ಟಾದ ಓಣಿಗಳಲ್ಲಿ ದಾರಿ ತಪ್ಪಿಸುತ್ತದೆ. ಗೋಡೆಗಳ ಮೇಲಿನ ಹಳದಿ ಫಲಕಗಳಲ್ಲಿ ರಿಯಾಲ್ತೊ, ಸಾನ್ ಮಾರ್ಕೊ, ಫೆರೊವಿಯಾ ಎಂದು ಬರೆದ ಬಾಣಗಳನ್ನು ಅನುಸರಿಸಿ. ಫೆರೊವಿಯಾ ಎಂದರೆ ರೈಲು ನಿಲ್ದಾಣದ ದಿಕ್ಕು. ವಿಳಾಸ ಹುಡುಕುವಾಗ ನಗರದ ಆರು ಭಾಗಗಳಲ್ಲಿ ಯಾವುದು ಎಂಬುದು ಬೇಕೇಬೇಕು, ಏಕೆಂದರೆ ಮನೆ ಸಂಖ್ಯೆಗಳನ್ನು ಬೀದಿಗೆ ಅಲ್ಲ, ಇಡೀ ಭಾಗಕ್ಕೆ ಒಂದೇ ಸರಣಿಯಾಗಿ ಕೊಟ್ಟಿದ್ದಾರೆ. ಸಾನ್ ಮಾರ್ಕೊ ಬಸಿಲಿಕಾಕ್ಕೆ ಸಮಯ ನಮೂದಿಸಿದ ಟಿಕೆಟ್ ಮೊದಲೇ ಕೊಂಡು, ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪಿನಲ್ಲಿ ಹೋಗಿ. ಚೌಕದ ಮೆಟ್ಟಿಲುಗಳ ಮೇಲೆ ಕುಳಿತು ಬುತ್ತಿ ಬಿಚ್ಚುವುದಕ್ಕೂ ಪಾರಿವಾಳಗಳಿಗೆ ಕಾಳು ಹಾಕುವುದಕ್ಕೂ ದಂಡವಿದೆ.

ಹಂತ 7: ಸಸ್ಯಾಹಾರಿಗಳ ಊಟ

ವೆನಿಸ್‌ನದು ಮೀನಿನ ಅಡುಗೆ. ಮಾಂಸ ಬೇಡವೆಂದಷ್ಟೇ ಹೇಳಿದರೆ ಮೀನು ಬರುತ್ತದೆ. ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೆಶೆ’ ಎಂದು ಎರಡನ್ನೂ ಸೇರಿಸಿ ಹೇಳಬೇಕು. ಬಿಗೊಲಿ ಇನ್ ಸಾಲ್ಸಾ ಎಂಬ ಶಾವಿಗೆಯಂಥ ಖಾದ್ಯ ನೋಡಲು ಬರೀ ಈರುಳ್ಳಿಯದೆಂದು ಕಾಣುತ್ತದೆ, ಅದರಲ್ಲಿ ಆಂಚೊವಿ ಮೀನು ಕರಗಿರುತ್ತದೆ. ಬಟಾಣಿ ಅನ್ನವಾದ ರೀಸಿ ಎ ಬೀಸಿಯಲ್ಲಿ ಹಂದಿಮಾಂಸದ ಚೂರು ಹಾಕುವುದುಂಟು. ಪಾರ್ಮೆಸಾನ್ ಚೀಸ್ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಬಳಸುತ್ತಾರೆ, ತಿರಾಮಿಸು ಎಂಬ ಸಿಹಿತಿಂಡಿಯಲ್ಲಿ ಹಸಿ ಮೊಟ್ಟೆಯಿದೆ. ಪೊಲೆಂತ ಎಂಬ ಮೆಕ್ಕೆಜೋಳದ ಮುದ್ದೆ, ಹುರಿದ ತರಕಾರಿ, ತ್ರೆವೀಸೊದ ರಾದಿಕ್ಕಿಯೊ ಸೊಪ್ಪು ಹಾಕಿದ ರಿಸೊತ್ತೊ ಎಂಬ ಅನ್ನದ ಖಾದ್ಯ ಧೈರ್ಯವಾಗಿ ಕೇಳಬಹುದು, ಆದರೆ ರಿಸೊತ್ತೊಗೆ ಹಾಕುವ ಸಾರು ತರಕಾರಿಯದೇ ಎಂದು ವಿಚಾರಿಸಿಕೊಳ್ಳಬೇಕು. ಬಾಕರೊ ಎಂಬ ಪುಟ್ಟ ಅಂಗಡಿಗಳಲ್ಲಿ ಗಾಜಿನ ಹಿಂದೆ ಚಿಕೆತ್ತಿ ತಿಂಡಿಗಳು ಕಣ್ಣೆದುರೇ ಇರುವುದರಿಂದ ಆರಿಸುವುದು ಸುಲಭ. ನಿಂತು ತಿಂದರೆ ಬೆಲೆ ಕಡಿಮೆ. ಕುಳಿತರೆ ಕೊಪೆರ್ತೊ ಎಂಬ ತಲೆಶುಲ್ಕ ಬಿಲ್ಲಿಗೆ ಸೇರುತ್ತದೆ. ಬಾಗಿಲಲ್ಲಿ ನಿಂತು ಕೂಗಿ ಕರೆಯುವ, ಬೆಲೆಯಿಲ್ಲದ ಚಿತ್ರಪಟ್ಟಿ ತೋರಿಸುವ ಹೋಟೆಲುಗಳನ್ನು ದಾಟಿ ಮುಂದೆ ಹೋಗಿ.

ಹಂತ 8: ಬೆಟ್ಟಗಳಿಗೆ ಹೋಗುವುದು

ಸಾಂತಾ ಲುಚಿಯಾದಿಂದ ಕೊನೆಲ್ಯಾನೊಗೆ ಸಾಧಾರಣ ಪ್ರಾದೇಶಿಕ ರೈಲಿನಲ್ಲಿ ಸುಮಾರು ಒಂದು ಗಂಟೆ. ಉದೀನೆ ಕಡೆಗೆ ಹೋಗುವ, ತ್ರೆವೀಸೊ ಮೂಲಕ ಸಾಗುವ ರೈಲನ್ನೇ ಹತ್ತಬೇಕು. ಫಲಕದಲ್ಲಿ ‘ತ್ರಿಯೆಸ್ತೆ’ ಎಂದು ಕಂಡರೆ ಎಚ್ಚರ: ಅವುಗಳಲ್ಲಿ ಪೊರ್ತೊಗ್ರುವಾರೊ ಮೂಲಕ ಹೋಗುವ ರೈಲುಗಳೂ ಇದ್ದು ಅವು ಕೊನೆಲ್ಯಾನೊಗೆ ಬರುವುದೇ ಇಲ್ಲ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಿ; ಫೋನಿನ ಟಿಕೆಟ್ ಆದರೆ ಹತ್ತುವ ಮುನ್ನ ಚೆಕ್‌ಇನ್ ಒತ್ತಿ.

ಕೊನೆಲ್ಯಾನೊದಿಂದ ಮುಂದಕ್ಕೆ ಬಸ್ಸುಗಳಿವೆ, ಆದರೆ ವೈನರಿಗಳ ಸಮಯಕ್ಕೆ ಅವು ಹೊಂದುವುದಿಲ್ಲ, ಭಾನುವಾರ ತೀರ ವಿರಳ. ಫೋನಿನಲ್ಲಿ ಒತ್ತಿದೊಡನೆ ಕ್ಯಾಬ್ ಬರುವ ನಮ್ಮ ನಗರಗಳ ರೂಢಿಯನ್ನು ಅಲ್ಲಿ ನಂಬಿಕೊಳ್ಳಬಾರದು. ಒಂದು ದಿನಕ್ಕೆ ಚಾಲಕಸಹಿತ ಕಾರನ್ನು ತಂಗುಮನೆಯವರ ಮೂಲಕ ಗೊತ್ತುಮಾಡಿಕೊಳ್ಳುವುದು ನನ್ನ ಬಲವಾದ ಸಲಹೆ. ತಾವೇ ಓಡಿಸುವವರಿಗೆ ಭಾರತದ ಪರವಾನಗಿಯ ಜೊತೆಗೆ ಅಂತರರಾಷ್ಟ್ರೀಯ ಚಾಲನಾ ಅನುಮತಿ ಬೇಕು. ಅದನ್ನು ಇಲ್ಲಿಯ ಆರ್‌ಟಿಒದಿಂದಲೇ ಪಡೆಯಬೇಕು. ರಕ್ತದಲ್ಲಿ ಮದ್ಯದ ಮಿತಿ ಲೀಟರಿಗೆ 0.5 ಗ್ರಾಂ, ಪರವಾನಗಿ ಪಡೆದು ಮೂರು ವರ್ಷ ಆಗದವರಿಗೆ ಸೊನ್ನೆ. ಬೆಟ್ಟದ ರಸ್ತೆಗಳು ಕಿರಿದು, ತಿರುವು ಹೆಚ್ಚು. ಕುಡಿಯದ ಸಂಗಾತಿಯನ್ನೇ ದಿನವಿಡೀ ಚಾಲಕರನ್ನಾಗಿ ಮಾಡುವುದು ನ್ಯಾಯವಲ್ಲ.

ಭೇಟಿಗಳ ನಡುವಿನ ಬಿಡುವಿನಲ್ಲಿ ರೆಫ್ರೊಂತೊಲೊದ ನೀರಿನ ಗಿರಣಿ ಮತ್ತು ಫೊಲ್ಲಿನಾದ ಮಠವನ್ನು ನೋಡಬಹುದು. 2019ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಈ ಇಳಿಜಾರುಗಳಲ್ಲಿ ತೋಟಗಳ ಮೆಟ್ಟಿಲುಗಳನ್ನು ಕಟ್ಟಿರುವುದು ಕಲ್ಲಿನಿಂದಲ್ಲ, ಹುಲ್ಲು ಹಿಡಿದ ಮಣ್ಣಿನಿಂದ. ಆ ಅಂಚುಗಳನ್ನು ತುಳಿದರೆ ಮಣ್ಣು ಜಾರುತ್ತದೆ. ಗುರುತು ಹಾಕಿದ ಹಾದಿಯನ್ನು ಬಿಟ್ಟು ಸಾಲುಗಳ ನಡುವೆ ಇಳಿಯಬೇಡಿ.

ಹಂತ 9: ವೈನ್ ರುಚಿ ನೋಡುವುದು

ಇಲ್ಲಿಯ ಮುಖ್ಯ ದ್ರಾಕ್ಷಿ ಗ್ಲೆರ. ಪ್ರೊಸೆಕ್ಕೊದಲ್ಲಿ ಅದು ಕನಿಷ್ಠ ಶೇ. 85 ಇರಬೇಕು. ಎರಡನೆಯ ಹುದುಗು ಸಾಮಾನ್ಯವಾಗಿ ಮುಚ್ಚಿದ ಉಕ್ಕಿನ ತೊಟ್ಟಿಗಳಲ್ಲಿ ನಡೆಯುತ್ತದೆ, ಗುಳ್ಳೆಗಳು ಅಲ್ಲಿಂದಲೇ ಬರುತ್ತವೆ. ಬಾಟಲಿಯ ಕತ್ತಿನ ಪಟ್ಟಿಯಲ್ಲಿ ಡಿಒಸಿಜಿ ಎಂಬ, ಇಟಲಿಯ ವೈನ್‌ಗಳ ಮೇಲ್ದರ್ಜೆಯ ಮೂಲಸ್ಥಳ ಮಾನ್ಯತೆಯ ಗುರುತಿದ್ದರೆ 2009ರಿಂದ ಆ ಮಾನ್ಯತೆ ಪಡೆದ ಬೆಟ್ಟಗಳದ್ದು. ಬರೀ ಡಿಒಸಿ ಎಂದಿದ್ದರೆ ವೆನೆತೊ ಮತ್ತು ಫ್ರಿಯುಲಿಯ ಒಂಬತ್ತು ಜಿಲ್ಲೆಗಳ ವಿಶಾಲ ಪ್ರದೇಶದ್ದು. ಬೆಟ್ಟಕ್ಕೆ ಬಂದ ಮೇಲೆ ಮೊದಲನೆಯದನ್ನೇ ಕೇಳಿ.

ಹೆಚ್ಚಿನವರು ಎಡವುವುದು ಸಿಹಿಯ ಲೆಕ್ಕದಲ್ಲಿ. ‘ಎಕ್ಸ್‌ಟ್ರಾ ಡ್ರೈ’ ಎಂಬುದು ‘ಬ್ರೂಟ್’ಗಿಂತ ಹೆಚ್ಚು ಸಿಹಿ. ಬ್ರೂಟ್‌ನಲ್ಲಿ ಲೀಟರಿಗೆ 12 ಗ್ರಾಂವರೆಗೆ ಸಕ್ಕರೆ, ಎಕ್ಸ್‌ಟ್ರಾ ಡ್ರೈಯಲ್ಲಿ 12ರಿಂದ 17, ‘ಡ್ರೈ’ಯಲ್ಲಿ 17ರಿಂದ 32. ಆದ್ದರಿಂದ ಬ್ರೂಟ್‌ನಿಂದ ಆರಂಭಿಸಿ, ಎಕ್ಸ್‌ಟ್ರಾ ಡ್ರೈಗೆ ಹೋಗಿ, ಸುಮಾರು 107 ಹೆಕ್ಟೇರುಗಳಷ್ಟೇ ಇರುವ ಕಾರ್ತಿತ್ಸೆ ಇಳಿಜಾರಿನ ವೈನನ್ನು ಕೊನೆಗೆ ಇಡಬೇಕು; ಸಿಹಿಯನ್ನು ಮೊದಲು ಕುಡಿದರೆ ಆಮೇಲಿನದೆಲ್ಲ ಹುಳಿ ಎನಿಸುತ್ತದೆ. ಕೊಲ್ ಫೊಂದೊ ಎಂಬ ಬಗೆಯಲ್ಲಿ ಹುದುಗಿನ ಗಸಿ ಬಾಟಲಿಯ ತಳದಲ್ಲೇ ಉಳಿದು ಲೋಟದಲ್ಲಿ ಮಬ್ಬಾಗಿ ಕಾಣುತ್ತದೆ. ಅದು ಕೆಟ್ಟಿಲ್ಲ; ಹಿಂದಿರುಗಿಸಬೇಡಿ.

ಎರಡು ಗುಟುಕು ಕುಡಿದು ಉಳಿದದ್ದನ್ನು ಮೇಜಿನ ಮೇಲಿನ ಪಾತ್ರೆಗೆ ಸುರಿಯುವುದು ಅಲ್ಲಿ ಅವಮರ್ಯಾದೆಯಲ್ಲ. ಪ್ರತಿ ಲೋಟದ ನಡುವೆ ನೀರು, ಜೊತೆಗೆ ಬ್ರೆಡ್ ಇರಲಿ. ಸುಮಾರು ಶೇ. 11 ಮದ್ಯಸಾರವೇ ಇದ್ದರೂ ಗುಳ್ಳೆಗಳಿಂದಾಗಿ ಬೇಗ ಏರುತ್ತದೆ. ಮುಖ ಬಿಸಿಯಾದರೆ, ಮಾತು ಜೋರಾದರೆ ಅಲ್ಲಿಗೆ ನಿಲ್ಲಿಸಿ.

ಹಂತ 10: ಬಾಟಲಿಗಳನ್ನು ಮನೆಗೆ ತರುವುದು

ಭಾರತಕ್ಕೆ ಒಬ್ಬರು ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್ ಮದ್ಯ. ಬಾಟಲಿ 750 ಮಿಲಿಯದ್ದಾದ್ದರಿಂದ ತಲೆಗೆ ಎರಡು, ಹೆಚ್ಚೆಂದರೆ ಅವುಗಳ ಜೊತೆಗೆ 375 ಮಿಲಿಯ ಚಿಕ್ಕದೊಂದು. ಇಬ್ಬರ ಮಿತಿಯನ್ನು ಕೂಡಿಸಿ ನಾಲ್ಕು ಲೀಟರೆಂದು ಲೆಕ್ಕ ಹಾಕಿ ಐದು ಬಾಟಲಿ ತರುವುದಕ್ಕೆ ನಿಯಮ ಒಪ್ಪುವುದಿಲ್ಲ. ದುಬೈ ಅಥವಾ ದೋಹಾದ ಸುಂಕಮುಕ್ತ ಅಂಗಡಿಯಲ್ಲಿ ಕೊಂಡದ್ದೂ ಇದೇ ಮಿತಿಯೊಳಗೆ ಬರುತ್ತದೆ.

ಬಾಟಲಿಗಳನ್ನು ಚೆಕ್‌ಇನ್ ಸೂಟ್‌ಕೇಸ್‌ನಲ್ಲೇ ಇಡಬೇಕು. ಗುಳ್ಳೆ ಹಾಳೆ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ನಡುಭಾಗದಲ್ಲಿ ಬಟ್ಟೆಗಳ ಮಧ್ಯೆ ಇಡಿ. ಎರಡು ಬಾಟಲಿಗಳು ಒಂದಕ್ಕೊಂದು ತಾಗಬಾರದು. ಕೊನೆಲ್ಯಾನೊದಿಂದ ಮೆಸ್ತ್ರೆಗೆ ರೈಲು, ಅಲ್ಲಿಂದ ವಿಮಾನ ನಿಲ್ದಾಣಕ್ಕೆ ಬಸ್ಸು. ವಿಮಾನ ಬೆಳಿಗ್ಗೆ ಬೇಗ ಇದ್ದರೆ ಮಾತ್ರ ಹಿಂದಿನ ರಾತ್ರಿ ಮೆಸ್ತ್ರೆಯಲ್ಲಿ ಉಳಿಯಿರಿ.

ಬೆಂಗಳೂರಿನಲ್ಲಿ ಇಳಿದಾಗ ಮಿತಿ ಮೀರಿದ್ದರೆ ರೆಡ್ ಚಾನೆಲ್‌ಗೆ ಹೋಗಿ ತಾವೇ ಘೋಷಿಸಿ ಸುಂಕ ಕಟ್ಟಬೇಕು. ಮನೆ ಸೇರಿದ ಮೇಲೆ ಬಾಟಲಿಗಳನ್ನು ಬೆಳಕು ಬೀಳದ ತಂಪಾದ ಜಾಗದಲ್ಲಿಡಿ, ಅಡುಗೆಮನೆಯ ಕಪಾಟಿನಲ್ಲಿ ಬೇಡ. ಪ್ರೊಸೆಕ್ಕೊ ವರ್ಷಗಟ್ಟಲೆ ಕೂಡಿಡುವ ವೈನ್ ಅಲ್ಲ. ಒಂದು ವರ್ಷದೊಳಗೆ, ಫ್ರಿಜ್‌ನಲ್ಲಿ ಮೂರು ಗಂಟೆ ಇಟ್ಟು ತಣ್ಣಗಾದ ಮೇಲೆ ತೆರೆಯಿರಿ.